ರಗ್ಗೋ, ಕಂಬಳಿಯೋ, ಸ್ವೆಟರೋ? ಬೀದಿಯಲ್ಲಿ ಮಲಗುವವರಿಗೆ ಚಳಿಗಾಲದಲ್ಲಿ ಏನು ಕೊಟ್ಟರೆ ಉಪಯೋಗ

ಮೂರು ವರ್ಷದ ಹಿಂದೆ, ಡಿಸೆಂಬರ್ ಕೊನೆಯ ವಾರ. ನಾವು ನಾಲ್ಕು ಜನ ಗೆಳೆಯರು ದುಡ್ಡು ಕೂಡಿಸಿ ಇಪ್ಪತ್ತು ರಗ್ಗು ತಂದೆವು. ರಾತ್ರಿ ಹನ್ನೊಂದಕ್ಕೆ ಬೈಕಿಗೆ ಕಟ್ಟಿಕೊಂಡು ಹೊರಟೆವು. ಹುಬ್ಬಳ್ಳಿಯ ರೈಲ್ವೆ ನಿಲ್ದಾಣದ ಹೊರಗೆ, ದುರ್ಗದ ಬೈಲಿನ ಅಂಗಡಿ ಕಟ್ಟೆಗಳ ಮೇಲೆ, ಚೆನ್ನಮ್ಮ ಸರ್ಕಲ್ಲಿನ ಆಸುಪಾಸು, ಕಂಡ ಕಂಡವರಿಗೆಲ್ಲ ಹೊದಿಸಿ ಬಂದೆವು. ಅವತ್ತು ರಾತ್ರಿ ಒಳ್ಳೆ ನಿದ್ದೆ ಬಂತು. ನಮಗೆ.

ಮೂರು ದಿನ ಬಿಟ್ಟು ಅದೇ ದಾರಿಯಲ್ಲಿ ಹೋದರೆ ಐದೋ ಆರೋ ರಗ್ಗು ಕಣ್ಣಿಗೆ ಬಿದ್ದವು. ಉಳಿದವು ಎಲ್ಲಿ? ಒಂದನ್ನು ಯಾರೋ ಕದ್ದಿದ್ದರು. ಇನ್ನೊಂದನ್ನು ಬೆಳಿಗ್ಗೆ ಕಸದ ಜೊತೆ ಎತ್ತಿ ಗಾಡಿಗೆ ಹಾಕಿದ್ದರಂತೆ. ಒಬ್ಬ ಕುಡುಕ ಮಾರಿಕೊಂಡಿದ್ದ, ಅದೂ ನಿಜ. ಕಟ್ಟೆಯ ಮೇಲಿದ್ದ ಒಬ್ಬ ಅಜ್ಜನನ್ನು ಕೇಳಿದೆ. ಅವನು ಬೇಜಾರಿಲ್ಲದೆ ಹೇಳಿದ: "ರಗ್ಗು ಭಾಳ ಚಲೋ ಇತ್ತು ತಮ್ಮಾ. ಆದ್ರ ಹಗಲಿನ್ಯಾಗ ಅದನ್ನ ಎಲ್ಲಿ ಇಡ್ಲಿ ಹೇಳು?"

ಮನೆ ಇಲ್ಲ ಅಂದರೆ ಕಪಾಟೂ ಇಲ್ಲ. ಇಷ್ಟು ಸಣ್ಣ ವಿಷಯ ನಾಲ್ಕು ಜನರಲ್ಲಿ ಒಬ್ಬನ ತಲೆಗೂ ಹೊಳೆದಿರಲಿಲ್ಲ. ಬೆಳಿಗ್ಗೆ ಅಂಗಡಿಯವರು ಶಟರ್ ಎತ್ತುವ ಮೊದಲು ಅವರು ಜಾಗ ಖಾಲಿ ಮಾಡಬೇಕು. ತಮ್ಮದೆಲ್ಲವನ್ನೂ ಹೊತ್ತುಕೊಂಡು ರಾತ್ರಿಯ ತನಕ ತಿರುಗಬೇಕು. ಎರಡು ಕಿಲೋ ರಗ್ಗನ್ನು ಬಗಲಲ್ಲಿ ಇಟ್ಟುಕೊಂಡು ಹಮಾಲಿ ಮಾಡೋಕಾಗುತ್ತಾ?

ಹಾಗಾಗಿ ಈಗ ಯಾವ ವಸ್ತುವನ್ನಾದರೂ ನಾನು ಮೊದಲು ಅಜ್ಜನ ಪ್ರಶ್ನೆಯಿಂದಲೇ ಅಳೆಯುತ್ತೇನೆ. ಬೆಚ್ಚಗಿಡುತ್ತದೆಯೇ, ಮಂಜಿಗೆ ತಡೆಯುತ್ತದೆಯೇ ಅನ್ನುವುದು ಆಮೇಲೆ. ಬೆಲೆ ಎಲ್ಲಕ್ಕಿಂತ ಕೊನೆಗೆ.

ನಮ್ಮೂರಲ್ಲಿ ಅಂಥಾ ಚಳಿ ಎಲ್ಲಿದೆ?

ಈ ಮಾತು ಪ್ರತಿ ವರ್ಷ ಕೇಳುತ್ತೇನೆ. ನಿಜ, ಇಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಧಾರವಾಡದ ಬೆಳಗಿನ ಜಾವ ಸಾಮಾನ್ಯವಾಗಿ 14–15 ಡಿಗ್ರಿ ಇರುತ್ತದೆ, ಕೆಲವು ದಿನ ಇನ್ನೂ ಕೆಳಗೆ ಇಳಿಯುತ್ತದೆ. ಮನೆಯೊಳಗೆ ಚಾದರ ಹೊದ್ದು ಮಲಗಿದವರಿಗೆ ಇದು ಹಿತವಾದ ಚಳಿಯೇ.

ಆದರೆ ಸಾಯುವಷ್ಟು ತಣ್ಣಗಾಗಲು ಮಂಜುಗಡ್ಡೆ ಬೇಕಿಲ್ಲ. ನಮ್ಮ ಮೈಯ ಒಳಗಿನ ಶಾಖ 37 ಡಿಗ್ರಿ. ಅದು 35ಕ್ಕಿಂತ ಕೆಳಗೆ ಇಳಿದರೆ ಅಪಾಯ ಶುರು. ವಯಸ್ಸಾದವರು, ಹೊಟ್ಟೆಗಿಲ್ಲದವರು, ಕುಡಿದವರು, ಬಟ್ಟೆ ಒದ್ದೆಯಾದವರು ತಣ್ಣನೆ ಕಲ್ಲಿನ ಮೇಲೆ ಏಳೆಂಟು ತಾಸು ಮಲಗಿದರೆ 14 ಡಿಗ್ರಿಯೂ ಸಾಕು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಡಿಸೆಂಬರಿನಲ್ಲೂ ಇಲ್ಲಿ ಜಿಟಿಜಿಟಿ ಮಳೆ ಹಿಡಿಯುವುದುಂಟು. ಆ ಎರಡು ಮೂರು ರಾತ್ರಿಗಳೇ ಅತಿ ಕೆಟ್ಟವು.

ಮೊದಲು ಕೆಳಗೆ, ಆಮೇಲೆ ಮೇಲೆ

ಎಲ್ಲರೂ ಹೊದಿಕೆ ಕೊಡುತ್ತಾರೆ. ಹಾಸಿಕೆ ಕೊಡುವವರು ಬಹಳ ಕಮ್ಮಿ. ಆದರೆ ಕಟ್ಟೆಯ ಶಹಾಬಾದ ಫರ್ಸಿಯ ಮೇಲೆ ಸುಮ್ನೆ ಒಂದು ತಾಸು ಮಲಗಿ ನೋಡಿ. ಮೇಲೆ ಎರಡು ರಗ್ಗು ಹೊದ್ದರೂ ಬೆನ್ನು ತಣ್ಣಗೇ ಇರುತ್ತದೆ. ಕಲ್ಲು ಮೈಯ ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ರಗ್ಗನ್ನು ಕೆಳಗೆ ಹಾಸಿದರೂ ಮೈಭಾರಕ್ಕೆ ಅದು ಒತ್ತಿ ಚಪ್ಪಟೆಯಾಗುತ್ತದೆ. ಬೆಚ್ಚಗಿಡುವುದು ನಡುವೆ ನಿಂತ ಗಾಳಿ. ಅದೇ ಹೊರಟುಹೋದರೆ ಏನು ಉಳಿಯಿತು?

ಇರುವ ಆಯ್ಕೆಗಳಲ್ಲಿ ರಟ್ಟು ಪುಕ್ಕಟೆ. ಬೆಚ್ಚಗೂ ಇರುತ್ತದೆ, ಬೆಳಿಗ್ಗೆ ಎಸೆದರೆ ಸಂಜೆ ಇನ್ನೊಂದು ಸಿಗುತ್ತದೆ. ಬೀದಿಯಲ್ಲಿ ಇರುವವರು ಇದನ್ನು ನಮಗಿಂತ ಮೊದಲೇ ಕಂಡುಕೊಂಡಿದ್ದಾರೆ. ನಿಮ್ಮದು ಅಂಗಡಿ ಇದ್ದರೆ ಫ್ರಿಜ್, ಟಿವಿ ಬಂದ ದೊಡ್ಡ ರಟ್ಟುಗಳನ್ನು ರಾತ್ರಿ ಶಟರ್ ಇಳಿಸುವಾಗ ಹೊರಗೆ ಇಟ್ಟು ಹೋಗಿ. ಒಂದು ಪೈಸೆ ಖರ್ಚಿಲ್ಲದ ದಾನ. ಮಂಜಿಗೆ ಮಾತ್ರ ರಟ್ಟು ಮೆತ್ತಗಾಗಿ ಹಾಳಾಗುತ್ತದೆ.

ಗೋಣಿಚೀಲ ಅದಕ್ಕಿಂತ ಗಟ್ಟಿ. ಅಮರಗೋಳದ ಎಪಿಎಂಸಿ ಕಡೆ ಪರಿಚಯದವರಿದ್ದರೆ ಹಳೆಯ ಚೀಲಗಳು ಅಗ್ಗಕ್ಕೆ ಸಿಗುತ್ತವೆ. ಎರಡು ಚೀಲ ಜೋಡಿಸಿ ಹೊಲಿದು, ಕೆಳಗೆ ಗೊಬ್ಬರ ಚೀಲದ ಪ್ಲಾಸ್ಟಿಕ್ ಕೊಟ್ಟರೆ ನೆಲದ ತೇವ ಮೇಲೆ ಬರುವುದಿಲ್ಲ. ನಮ್ಮ ರೈತರು ಗೊಬ್ಬರ ಚೀಲ ಹೊಲಿದು ಮಾಡಿಕೊಳ್ಳುವ ತಾಡಪತ್ರಿ ಇದೆಯಲ್ಲ, ಅದೇ ಲೆಕ್ಕ. ಗೋಣಿಯ ತಕರಾರು ಎರಡು: ಚುಚ್ಚುತ್ತದೆ, ಒದ್ದೆಯಾದರೆ ವಾಸನೆ ಹೊಡೆಯುತ್ತದೆ.

ಪ್ಲಾಸ್ಟಿಕ್ ಚಾಪೆ ಎಲ್ಲರೂ ಕೊಡುವ ವಸ್ತು. ಕೊಳೆ, ತೇವ ತಡೆಯುತ್ತದೆ. ಚಳಿ ತಡೆಯುವುದಿಲ್ಲ, ತೀರಾ ತೆಳು. ಅದಕ್ಕೆ ಇನ್ನಷ್ಟು ದುಡ್ಡು ಸೇರಿಸಿ ಯೋಗ ಮಾಡುವವರು ಹಾಸಿಕೊಳ್ಳುತ್ತಾರಲ್ಲ, ಆ ಫೋಮ್ ಚಾಪೆ ಕೊಡಿ. ಎಂಟು ಹತ್ತು ಮಿಲಿಮೀಟರ್ ದಪ್ಪದ್ದು. ಹಗುರ, ಸುತ್ತಿದರೆ ಹೆಗಲಿಗೆ ಹಾಕಿಕೊಳ್ಳಬಹುದು, ನೀರು ಕುಡಿಯುವುದಿಲ್ಲ. ಅಜ್ಜನ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವ ಹಾಸಿಕೆ ನನಗೆ ಇದೊಂದೇ ಸಿಕ್ಕಿದ್ದು.

ಇನ್ನು ಕೌದಿ. ಮನೆಯಲ್ಲಿ ಹಳೆ ಸೀರೆ, ಧೋತರ ಪದರ ಪದರ ಹಾಕಿ ಅವ್ವಂದಿರು ಹೊಲಿದ ಕೌದಿಯಷ್ಟು ಮೆತ್ತಗಿನ ಹಾಸಿಗೆ ಬೇರೆ ಇಲ್ಲ. ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ. ಆದರೆ ಭಾರ. ಎಲ್ಲಾ ಹತ್ತಿ ಆದ್ದರಿಂದ ನೀರು ಹೀರುತ್ತದೆ, ಒಂದು ಸಲ ನೆನೆದರೆ ಎರಡು ದಿನ ಬಿಸಿಲು ಬೇಕು. ಒಂದೇ ಕಡೆ ಕಾಯಂ ಇರುವವರಿಗೆ, ಅಂದರೆ ರಾತ್ರಿ ಕಾವಲು ಕಾಯುವವರಿಗೆ, ಗುಡಿಯ ಪಡಸಾಲೆಯಲ್ಲಿ ಉಳಿದವರಿಗೆ, ಜೋಪಡಿ ಹಾಕಿಕೊಂಡವರಿಗೆ ಕೌದಿ ಕೊಡಿ. ತಿರುಗುವವರಿಗೆ ಬೇಡ. (ನವಲಗುಂದದ ಜಮಖಾನ ಕೊಡುವ ಮನಸ್ಸು ಬಂದರೆ ಅದರ ರೇಟು ಒಮ್ಮೆ ಕೇಳಿ. ಆ ದುಡ್ಡಿಗೆ ಹತ್ತಾರು ಜನರ ಬೆನ್ನು ಬೆಚ್ಚಗಾಗುತ್ತದೆ.)

ಹೊದಿಕೆಯಲ್ಲಿ ಯಾವುದು

ದಾನಕ್ಕೆಂದೇ ಕಟ್ಟು ಕಟ್ಟಾಗಿ ಮಾರುವ ಅಗ್ಗದ ಕಂದು ಅಥವಾ ಬೂದು ರಗ್ಗು ಎಲ್ಲರೂ ನೋಡಿರುತ್ತೀರಿ. ಇಂಥವು ಹೆಚ್ಚಾಗಿ ಹರಿಯಾಣದ ಪಾಣಿಪತ್ ಕಡೆಯವು. ಹಳೆಯ ಉಣ್ಣೆ ಬಟ್ಟೆಗಳನ್ನು ಹರಿದು ಮತ್ತೆ ನೂಲು ಮಾಡಿ ನೇಯುತ್ತಾರೆ. ಬೆಲೆಗೆ ತಕ್ಕಂತೆ ಬೆಚ್ಚಗಿರುತ್ತವೆ. ಆದರೆ ಎಳೆ ಗಿಡ್ಡ, ಬೇಗ ಉದುರುತ್ತದೆ, ಒಂದು ಸಲ ಒಗೆದರೆ ರೂಪ ಹೋಗುತ್ತದೆ. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ. ಆ ಕಡೆಯ ಮನುಷ್ಯ ಕಂಡರೆ ಬೇಡ. ಅಳತೆಯನ್ನೂ ನೋಡಿ. ಎಷ್ಟೋ ರಗ್ಗುಗಳು ಎದೆಗೆ ಎಳೆದರೆ ಕಾಲಿಗೆ ಸಾಲದಷ್ಟು ಗಿಡ್ಡ.

ಹೂವಿನ ಚಿತ್ರದ, ನುಣ್ಣನೆಯ ಪಾಲಿಯೆಸ್ಟರ್ ಬ್ಲಾಂಕೆಟ್ ನೋಡಲು ಚೆಂದ, ಬೆಚ್ಚಗೂ ಹೌದು, ಬೇಗ ಒಣಗುತ್ತದೆ. ಅದರ ಶತ್ರು ಬೆಂಕಿ. ಬೀದಿಯಲ್ಲಿ ಇರುವವರು ಕಸ ಕಡ್ಡಿ ಒಟ್ಟಿ ಕಾಯಿಸಿಕೊಳ್ಳುತ್ತಾರೆ, ಮಲಗಿಕೊಂಡೇ ಬೀಡಿ ಸೇದುತ್ತಾರೆ. ಒಂದು ಕಿಡಿ ಬಿದ್ದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಚಂದದ ಬ್ಲಾಂಕೆಟ್‌ಗೆ ಕಳ್ಳರ ಕಣ್ಣೂ ಜಾಸ್ತಿ.

ಸೊಲ್ಲಾಪುರ ಚಾದರ ನಮ್ಮ ಕಡೆ ಮನೆ ಮನೆಯಲ್ಲಿದೆ. ಇದು ಹತ್ತಿಯದು. ಗಟ್ಟಿಮುಟ್ಟು, ಒಗೆಯಬಹುದು, ಮಡಿಸಿ ಹೆಗಲ ಮೇಲೆ ಹಾಕಿಕೊಂಡರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಬರೀ ಚಾದರ ಜನವರಿಗೆ ಸಾಲದು. ಆದರೆ ಒಳಗೆ ಸ್ವೆಟರ್ ಇದ್ದರೆ ಸಾಕು. ಮಾಗಿ ಮುಗಿದ ಮೇಲೂ ಸೊಳ್ಳೆಗೆ ಮುಖ ಮುಚ್ಚಿಕೊಳ್ಳಲು ವರ್ಷವಿಡೀ ಬೇಕಾಗುತ್ತದೆ. ಕೊಟ್ಟ ಚಾದರ ಏಪ್ರಿಲ್‌ನಲ್ಲೂ ಅವರ ಹತ್ತಿರವೇ ಇದ್ದದ್ದನ್ನು ನೋಡಿದ್ದೇನೆ. ರಗ್ಗು ಹಾಗೆ ಉಳಿದದ್ದು ನೋಡಿಲ್ಲ.

ಕಂಬಳಿಯ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಂಥ ಊರುಗಳಲ್ಲಿ ಕುರುಬರು ಕೈಮಗ್ಗದಲ್ಲಿ ನೇಯುವ ಕರಿ ಕಂಬಳಿ ಇದು. ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಸಣ್ಣ ಮಳೆ ಅದರ ಮೇಲೆ ಜಾರಿ ಹೋಗುತ್ತದೆ. ನೆನೆದರೂ ಉಣ್ಣೆ ಹತ್ತಿಯಷ್ಟು ತಣ್ಣಗಾಗುವುದಿಲ್ಲ, ಬೆಂಕಿಯೂ ಬೇಗ ಹಿಡಿಯುವುದಿಲ್ಲ. ಕುರಿ ಕಾಯುವವರು ಬಯಲಲ್ಲಿ ಮಲಗುತ್ತಲೇ ಇದನ್ನು ಪರೀಕ್ಷೆ ಮಾಡಿ ಕೊಟ್ಟಿದ್ದಾರೆ. ಮೂಲೆ ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡರೆ ಹೊದಿಕೆಯೇ ಅಂಗಿಯಾಗುತ್ತದೆ. ನೇಕಾರರಿಗೂ ನಾಲ್ಕು ಕಾಸು.

ಅಷ್ಟಾದರೂ ಎಲ್ಲರಿಗೂ ಕಂಬಳಿ ಕೊಡಿ ಅನ್ನಲಾರೆ. ಒಂದು ಕಂಬಳಿಯ ದುಡ್ಡಿನಲ್ಲಿ ನಾಲ್ಕೈದು ಅಗ್ಗದ ರಗ್ಗು ಬರುತ್ತವೆ. ಭಾರ, ಚುಚ್ಚುತ್ತದೆ, ಚರ್ಮದ ಕಾಯಿಲೆ ಇದ್ದವರಿಗೆ ಆಗುವುದಿಲ್ಲ. ಒಬ್ಬರನ್ನೇ ತಿಂಗಳುಗಟ್ಟಲೆ ನೋಡುತ್ತಿದ್ದೀರಿ, ಅವರು ಬಯಲಲ್ಲೇ ಮಲಗುತ್ತಾರೆ, ವಸ್ತು ಜೋಪಾನ ಮಾಡುತ್ತಾರೆ ಅನ್ನುವುದು ಖಾತ್ರಿ ಇದ್ದರೆ ಆಗ ಕಂಬಳಿ.

ಹೊದೆಯುವುದಕ್ಕಿಂತ ತೊಡುವುದು

ಒಂದೇ ಆಯ್ಕೆ ಮಾಡಿ ಅಂದರೆ ನಾನು ಸ್ವೆಟರ್ ಅನ್ನುತ್ತೇನೆ. ಮೈಮೇಲೆ ಇರುವುದನ್ನು ಕದಿಯುವುದು ಕಷ್ಟ. ಕಸದ ಗಾಡಿಗೂ ಹೋಗುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕೆಲಸ ಹುಡುಕಿ ಹೊರಟಾಗಲೂ ಜೊತೆಗಿರುತ್ತದೆ. ರಗ್ಗು ಮಲಗಿದವನಿಗೆ ಮಾತ್ರ.

ಪ್ರತಿ ಚಳಿಗಾಲ ಟಿಬೆಟನ್ನರು ಊರೂರಲ್ಲಿ ಸ್ವೆಟರ್ ಅಂಗಡಿ ಹಾಕುತ್ತಾರೆ. ನಮಗೆ ಹತ್ತಿರದ ಮುಂಡಗೋಡದಲ್ಲಿ 1966ರಿಂದ ಅವರ ನೆಲೆ ಇದೆ. ಸೀಸನ್ ಮುಗಿಯುವಾಗ ಉಳಿದ ಮಾಲು ಸೋವಿಯಾಗಿ ಬಿಡುತ್ತಾರೆ, ಮುಂದಿನ ವರ್ಷಕ್ಕೆ ಆಗಲೇ ಕೊಂಡಿಡಬಹುದು. ಆದಷ್ಟು ಮುಂದೆ ಗುಂಡಿ ಇರುವುದನ್ನೇ ತನ್ನಿ. ತಲೆಯಿಂದ ಹಾಕುವ ಸ್ವೆಟರ್ ಕೈ ಎತ್ತಲಾಗದ ಮುದುಕರಿಗೆ ಶಿಕ್ಷೆ. ಅಳತೆ ದೊಡ್ಡದೇ ಇರಲಿ, ಒಳಗೆ ಎರಡು ಅಂಗಿ ಹಿಡಿಯುವಂತೆ. ಬಣ್ಣ ಕೊಳೆ ಕಾಣದ್ದು. ಸೀರೆ ಉಡುವ ಅಜ್ಜಿಯರು ಸ್ವೆಟರಿಗಿಂತ ಉಣ್ಣೆಯ ಶಾಲನ್ನೇ ಕೇಳುತ್ತಾರೆ, ಕೊಟ್ಟುಬಿಡಿ.

ಮಂಕಿ ಟೋಪಿಯನ್ನು ನೋಡಿ ನಗುತ್ತೇವೆ. ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಅನ್ನುವ ಮಾತು ಸುಳ್ಳು. ತಲೆ ಇರುವುದು ಮೈಯ ಹತ್ತನೇ ಒಂದು ಭಾಗದಷ್ಟು, ಶಾಖ ಹೋಗುವುದೂ ಸುಮಾರು ಅಷ್ಟೇ. ಆದರೂ ಹೊದ್ದು ಮಲಗಿದಾಗ ಹೊರಗೆ ಉಳಿಯುವುದು ತಲೆಯೇ ತಾನೆ? ಟೋಪಿ ಅಗ್ಗ, ಕಿಸೆಯಲ್ಲಿ ಹಿಡಿಯುತ್ತದೆ, ಯಾರೂ ಕದಿಯುವುದಿಲ್ಲ. ಕಾಲುಚೀಲ ಕೊಟ್ಟರೆ ಎರಡು ಜೋಡಿ ಕೊಡಿ, ಒಂದು ಒದ್ದೆಯಾದರೆ ಇನ್ನೊಂದು. ಹವಾಯಿ ಚಪ್ಪಲಿಯವರು ಹಗಲು ಅದನ್ನು ಹಾಕುವುದಿಲ್ಲ, ರಾತ್ರಿಗಷ್ಟೇ. ಜೊತೆಗೊಂದು ಸಣ್ಣ ವ್ಯಾಸಲಿನ್ ಡಬ್ಬಿ. ಹಿಮ್ಮಡಿ ಒಡೆದು ರಕ್ತ ಬರುವವರಿಗೆ ಅದು ಔಷಧಿಗಿಂತ ಹೆಚ್ಚು.

ಹಳೆ ಬಟ್ಟೆ ಕೊಡುವುದರಲ್ಲಿ ತಪ್ಪಿಲ್ಲ. ಒಗೆದು, ಗುಂಡಿ ಹಚ್ಚಿ ಕೊಡಿ. ಜಿಪ್ ಹೋದ ಪ್ಯಾಂಟು, ಹರಿದ ಬನಿಯನ್ ಗಂಟು ಕಟ್ಟಿ ಕೊಡುವುದು ಮನೆ ಸ್ವಚ್ಛ ಮಾಡುವ ಕೆಲಸವೇ ಹೊರತು ಬೇರೇನಲ್ಲ.

ಊಟ, ಚಹಾ, ದುಡ್ಡು

ಹುಬ್ಬಳ್ಳಿಯಲ್ಲಿ ಮಧ್ಯಾಹ್ನದ ಊಟಕ್ಕೆ ದಾರಿಗಳಿವೆ. ಸಿದ್ಧಾರೂಢ ಮಠದಲ್ಲಿ ದಾಸೋಹ ಇದೆ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ. ಕೊರತೆ ಇರುವುದು ರಾತ್ರಿ ಹೊತ್ತು. ಮೈ ಶಾಖ ಹುಟ್ಟಿಸಬೇಕಾದರೆ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಹಾಗಾಗಿ ಮಧ್ಯಾಹ್ನದ ಬಿರಿಯಾನಿ ಪ್ಯಾಕೆಟ್ಟಿಗಿಂತ ರಾತ್ರಿ ಒಂಬತ್ತಕ್ಕೆ ಕೊಟ್ಟ ಎರಡು ಶೇಂಗಾ ಉಂಡಿ ಚಳಿಗೆ ಹೆಚ್ಚು ಕೆಲಸ ಮಾಡುತ್ತವೆ. ಕೆಡುವುದಿಲ್ಲ, ನಡುರಾತ್ರಿ ಎಚ್ಚರವಾದರೆ ತಿನ್ನಬಹುದು. ಹಲ್ಲಿಲ್ಲದವರಿಗೆ ಬಾಳೆಹಣ್ಣು. ಚಹಾ ಕೊಡಿ, ಆದರೆ ಚಹಾದ ಬಿಸಿ ಅರ್ಧ ತಾಸಿನದು. ಅದರ ನಿಜವಾದ ಲಾಭ ಬೇರೆ: ಚಹಾ ಕುಡಿಯುವ ಹೊತ್ತಿನಲ್ಲಿ ಅವರು ಮಾತಾಡುತ್ತಾರೆ, ಏನು ಬೇಕೋ ಹೇಳುತ್ತಾರೆ.

ಒಂದು ಕ್ವಾಟರ್ ಹಾಕಿದರೆ ಚಳಿ ಹೋಗುತ್ತದೆ ಅಂತ ಅವರೂ ನಂಬಿದ್ದಾರೆ, ನಮ್ಮಲ್ಲೂ ಕೆಲವರು ನಂಬಿದ್ದಾರೆ. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆ ಅನಿಸುತ್ತದೆ. ಒಳಗಿನ ಶಾಖ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ದುಡ್ಡು ಕೊಡಬಾರದೇ? ನಾನು ಗೆರೆ ಎಳೆಯಲಾರೆ. ಪರಿಚಯವಾದವರಿಗೆ ಕೊಡುತ್ತೇನೆ, ಅವರಿಗೆ ಬಸ್ ಚಾರ್ಜು, ಗುಳಿಗೆ, ಏನೇನೋ ಖರ್ಚಿರುತ್ತದೆ. ಮೊದಲ ಭೇಟಿಯಲ್ಲಿ ಕೊಡುವುದಿಲ್ಲ.

ಆಶ್ರಯ ಕೇಂದ್ರಕ್ಕೆ ಕರೆದೊಯ್ಯುವುದು

ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಗೋಡೆ, ಚಾವಣಿ, ಶೌಚಾಲಯ ಎಲ್ಲ ಸಿಗುತ್ತದೆ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.4 ಲಕ್ಷ. ಲೆಕ್ಕ ನೀವೇ ಹಾಕಿ.

ಕರೆದೊಯ್ಯುವ ಮೊದಲು ಪಾಲಿಕೆಯಲ್ಲಿ ವಿಚಾರಿಸಿ, ನೀವೇ ಒಮ್ಮೆ ಹೋಗಿ ನೋಡಿ ಬನ್ನಿ. ಜಾಗ ಇದೆಯೇ, ಹೆಂಗಸರಿಗೆ ಬೇರೆ ಕೋಣೆ ಇದೆಯೇ, ಗಂಟುಮೂಟೆ ಇಡಲು ಬಿಡುತ್ತಾರೆಯೇ ಅಂತ ಕೇಳಿ. ನಾನು ಒಬ್ಬರನ್ನು ಕರೆದೊಯ್ದು ಬಾಗಿಲಲ್ಲೇ ವಾಪಸ್ ಬಂದಿದ್ದೇನೆ. ಆಮೇಲೆ ಅವರು ಒಂದು ವಾರ ನನ್ನ ಮುಖ ನೋಡಲಿಲ್ಲ. ಬರಲ್ಲ ಅಂದವರನ್ನು ಎಳೆಯಬೇಡಿ. ಕೆಲವರು ಗಂಡ ಹೆಂಡತಿ ಬೇರೆ ಬೇರೆ ಮಲಗಬೇಕಲ್ಲ ಅಂತ ಒಲ್ಲೆ ಅನ್ನುತ್ತಾರೆ. ಕೆಲವರಿಗೆ ಬೆಳಗಿನ ಕೆಲಸ ಹಿಡಿಯಲು ಸ್ಟೇಷನ್ ಹತ್ತಿರವೇ ಇರಬೇಕು.

ಮಾನಸಿಕವಾಗಿ ತೀರಾ ಹದಗೆಟ್ಟವರ ವಿಷಯ ಬೇರೆ. ಅವರಿಗೆ ರಗ್ಗು ಕೊಟ್ಟರೆ ಮುಗಿಯಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸ್ ಠಾಣೆಯ ಕೆಲಸ. 112ಕ್ಕೆ ಫೋನ್ ಮಾಡಿ. ಧಾರವಾಡದಲ್ಲಿ ಡಿಮ್ಹಾನ್ಸ್, ಅಂದರೆ ಸರ್ಕಾರಿ ಮಾನಸಿಕ ಆಸ್ಪತ್ರೆ, ಇರುವುದು ನಮ್ಮ ಪುಣ್ಯ. ಮಕ್ಕಳು ಕಂಡರೆ 1098. ವಯಸ್ಸಾದವರಿಗೆ 14567, ಆದರೆ ಅದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ.

ಯಾರಾದರೂ ತೊದಲುತ್ತಿದ್ದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಇಷ್ಟು ಹೊತ್ತು ನಡುಗುತ್ತಿದ್ದವರು ತಟ್ಟನೆ ನಡುಗುವುದನ್ನು ನಿಲ್ಲಿಸಿದರೆ ಕುಡಿದಿದ್ದಾರೆ ಅಂತ ಬಿಟ್ಟು ಹೋಗಬೇಡಿ. 108ಕ್ಕೆ ಕರೆ ಮಾಡಿ. ಒದ್ದೆ ಬಟ್ಟೆ ತೆಗೆದು, ಕೆಳಗೂ ಮೇಲೂ ಮುಚ್ಚಿ. ಎದೆ, ಹೊಟ್ಟೆ ಮೊದಲು ಬೆಚ್ಚಗಾಗಲಿ. ಕೈಕಾಲು ಗಸಗಸ ತಿಕ್ಕಬೇಡಿ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ಚಹಾ ಹಾಕಬೇಡಿ. ಇನ್ನೊಂದು: ಮುಚ್ಚಿದ ಜಾಗಕ್ಕೆ ಇದ್ದಿಲು ಒಲೆ ಕೊಡಲೇಬೇಡಿ. ಅದರ ಹೊಗೆ ಕಣ್ಣಿಗೆ ಕಾಣದೆಯೂ ಕೊಲ್ಲುತ್ತದೆ.

ಹೋಗುವುದು ಯಾವಾಗ

ರಾತ್ರಿ ಹನ್ನೊಂದಕ್ಕೆ ಬೈಕ್ ನಿಲ್ಲಿಸಿ ಟಾರ್ಚ್ ಬಿಟ್ಟ ನಮ್ಮ ಮೊದಲ ಪದ್ಧತಿ ತಪ್ಪು. ನಮ್ಮ ರಾಜ್ಯದಲ್ಲಿ 1975ರ ಕಾಯ್ದೆ ಪ್ರಕಾರ ಭಿಕ್ಷೆ ಬೇಡುವುದು ಅಪರಾಧ. ರಾತ್ರಿ ಬಂದ ಅಪರಿಚಿತರು ಅಂದರೆ ಹಿಡಿದುಕೊಂಡು ಹೋಗುವವರು ಅಂತಲೇ ಅವರಿಗೆ ಹೆದರಿಕೆ. (ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಶೇ 3ರಷ್ಟು ಭಿಕ್ಷುಕರ ಉಪಕರ ಕಟ್ಟುತ್ತೇವೆ. ಮುಂದಿನ ರಸೀದಿಯಲ್ಲಿ ಹುಡುಕಿ ನೋಡಿ.) ಸಂಜೆ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಇಬ್ಬರು ಸಾಕು. ಹೆಂಗಸರ ಹತ್ತಿರ ಹೋಗಲು ಜೊತೆಗೊಬ್ಬ ಹೆಂಗಸು ಇರಲಿ. ಕ್ಯಾಮೆರಾ ಹೊರಗೆ ತೆಗೆಯಬೇಡಿ. ಆಸ್ಪತ್ರೆಯ ಹೊರಗೆ ಮಲಗಿದವರಲ್ಲಿ ಹೆಚ್ಚಿನವರು ಗದಗ, ಹಾವೇರಿ ಕಡೆಯಿಂದ ರೋಗಿಯ ಜೊತೆ ಬಂದವರು. ಅವರಿಗೆ ಊರಲ್ಲಿ ಮನೆ ಇದೆ, ಮರ್ಯಾದೆ ಇದೆ. ದಾನ ಅಂದರೆ ಒಲ್ಲೆ ಅನ್ನುತ್ತಾರೆ. "ಹೋಗುವಾಗ ವಾಪಸ್ ಕೊಡ್ರಿ" ಅಂದರೆ ತೆಗೆದುಕೊಳ್ಳುತ್ತಾರೆ, ನಿಜವಾಗಿಯೂ ವಾಪಸ್ ಕೊಟ್ಟು ಹೋಗುತ್ತಾರೆ.

ಶಿವರಾತ್ರಿಗೆ ಚಳಿ ಶಿವಶಿವ ಅನ್ನುತ್ತಾ ಹೋಗುತ್ತದೆ ಅನ್ನುತ್ತಾರೆ. ಬರುವುದು ದೀಪಾವಳಿಯ ಬೆನ್ನಿಗೆ. ನಾವೆಲ್ಲ ಹೊಸ ವರ್ಷದ ಹೊತ್ತಿಗೆ ಎಚ್ಚರವಾಗಿ ಒಮ್ಮೆಲೇ ಮುಗಿಬೀಳುತ್ತೇವೆ. ಒಬ್ಬರಿಗೇ ಮೂರು ರಗ್ಗು ಸಿಗುತ್ತದೆ. ಕಾರ್ತಿಕದಲ್ಲೇ ಕೊಟ್ಟರೆ ಪೂರ್ತಿ ಚಳಿಗಾಲಕ್ಕೆ ಆಯಿತು.

ನಮ್ಮ ನಾಲ್ಕು ಜನರ ಈಗಿನ ಲೆಕ್ಕ ಹೀಗಿದೆ: ಇಪ್ಪತ್ತು ಜನ ಇಲ್ಲ, ಎಂಟು ಜನ. ಒಬ್ಬೊಬ್ಬರಿಗೆ ಗುಂಡಿಯ ಸ್ವೆಟರ್ ಅಥವಾ ಶಾಲು, ಫೋಮ್ ಚಾಪೆ, ಚಾದರ, ಟೋಪಿ, ಎರಡು ಜೋಡಿ ಕಾಲುಚೀಲ. ಇಷ್ಟನ್ನೂ ಹಿಡಿಯುವ, ಹೆಗಲಿಗೆ ಹಾಕುವ ದಪ್ಪ ಕ್ಯಾನ್ವಾಸ್ ಚೀಲ. ಚೀಲದ ಐಡಿಯಾ ಆ ಅಜ್ಜನದೇ. ಹೋದ ವರ್ಷದ್ದಕ್ಕೆ ಜಿಪ್ ಇತ್ತು, ತಿಂಗಳಿಗೇ ಕಿತ್ತುಹೋಯಿತು. ಈ ಸಲ ಜಿಪ್ ಬೇಡ, ಲಾಡಿ ಹಚ್ಚಿಸ್ರಿ ಅಂದಿದ್ದಾನೆ. ಟೇಲರಿಗೆ ಹೇಳಿ ಆಗಿದೆ.